ಸಮಾಧಿಯಲ್ಲಿ ಕೂರಲಾರದ ಸೊಸೆ

ನನ್ನ ಬಲಗಡೆಯ ಸೊಂಟದ ಕೀಲು ಪೂರ್ತಿ ಕೆಟ್ಟಿದೆ, ತೆಗೆದು ಹೊಸದು ಹಾಕಬೇಕು ಎಂದು ಡಾಕ್ಟರು ಹೇಳಿದ ದಿನ ನಮ್ಮ ಮನೆಯಲ್ಲಿ ದೊಡ್ಡ ಚರ್ಚೆ ನಡೆಯಿತು. ಚರ್ಚೆ ನಾನು ಮುಂದೆ ಹೇಗೆ ನಡೆಯುತ್ತೇನೆ ಎಂಬುದರ ಬಗ್ಗೆ ಅಲ್ಲ. ಸತ್ತ ಮೇಲೆ ಹೇಗೆ ಕೂರುತ್ತೇನೆ ಎಂಬುದರ ಬಗ್ಗೆ.

ನಗಬೇಡಿ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸಿ ಹೂಳುವುದೂ ಇಲ್ಲ. ಜೀವ ಹೋದ ಕೂಡಲೇ ಕಾಲು ಮಡಚಿ, ಗೋಡೆಗೆ ಒರಗಿಸಿ ಕೂರಿಸಿಬಿಡುತ್ತಾರೆ. ತಡವಾದರೆ ಮೈ ಸೆಟೆದುಕೊಳ್ಳುತ್ತದೆ. ಆಮೇಲೆ ಪೂಜೆಗೆ ಕೂತ ಭಂಗಿಯಲ್ಲೇ ಒಯ್ದು, ತೋಡಿದ ಕುಣಿಯಲ್ಲಿ ಇಳಿಸಿ, ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ವಿಭೂತಿ ಪತ್ರೆ ಹಾಕಿ ಮಣ್ಣು ಕೊಡುತ್ತಾರೆ. ಹಾಗಾಗಿ ಮಡಚುವ ಕಾಲು ನಮ್ಮ ಮಂದಿಗೆ ಬದುಕಿದ್ದಾಗ ಎಷ್ಟು ಬೇಕೋ ಸತ್ತ ಮೇಲೂ ಅಷ್ಟೇ ಬೇಕು.

ಅತ್ತೆ ಅಂದು ಹೊಸ್ತಿಲ ಒಳಗೆ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದರು. ಮೊರ ಕೆಳಗಿಟ್ಟು ಒಂದೇ ಮಾತು ಅಂದರು.

"ಕಬ್ಬಿಣ ಹಾಕಿದ ಕಾಲು ಮಡಚಲ್ದು. ನಾಳಿ ಕುಣ್ಯಾಗ ಹ್ಯಾಂಗ ಕುಂದರ್ತಿ?"

"ಅತ್ತಿ, ನಾ ಇನ್ನಾ ಬದುಕೀನ್ರಿ. ಮೊದಲ ಸಂಡಾಸಿಗಿ ಹ್ಯಾಂಗ ಕುಂದರಬೇಕು ಅದನ್ನ ಹೇಳ್ರಿ. ಕುಣಿದು ಆಮ್ಯಾಲ ನೋಡೂಣು."

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂಬ ಗಾದೆ ಕೇಳಿದ್ದೆ. ಜೀವ ಹೋಗುವ ಮುಂಚೆ ಸಮಾಧಿಯ ಅಳತೆ ನೋಡುವವರನ್ನು ಅಂದೇ ಕಂಡದ್ದು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನನ್ನ ಗಂಡ ಮಾತ್ರ, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬ ಜಾತಿಯ ಮನುಷ್ಯ, ಅವ್ವನ ಮುಖ ಒಮ್ಮೆ ನನ್ನ ಮುಖ ಒಮ್ಮೆ ನೋಡಿ ಚಹಾ ಕುಡಿಯಲು ಹೊರಗೆ ಹೋದರು.

ಶಹಾಬಾದಿನಿಂದ ವಾಡಿಗೆ ಹೋಗುವ ರಸ್ತೆಯ ಬದಿಯಲ್ಲಿ ನಮ್ಮದೊಂದು ಫರಸಿ ಪಾಲಿಶ್ ಮಾಡುವ ಶೆಡ್ಡು ಇದೆ. ಗಣಿಯಿಂದ ಬಂದ ಹಾಸುಗಲ್ಲನ್ನು ಕತ್ತರಿಸಿ, ನೀರು ಬಿಟ್ಟು ಉಜ್ಜಿ ಹೊಳಪು ಬರಿಸುವ ಕೆಲಸ. ಸೇಡಂ, ಚಿಂಚೋಳಿ ಎಂದು ಓಡಾಡಿ ಗಿರಾಕಿ ಹಿಡಿಯುವುದು ನನ್ನ ಗಂಡನ ಪಾಲು. ಕಲ್ಲು ಆರಿಸುವುದು, ಲಾರಿ ತುಂಬಿಸುವುದು, ಅಂಚು ಒಡೆದ ಕಲ್ಲು ತಂದು ಹಾಕಿದವನ ಜೊತೆ ಜಗಳ ತೆಗೆಯುವುದು ನನ್ನ ಪಾಲು. ದಿನವಿಡೀ ನಿಂತು, ತಿರುಗಿ, ಕಲ್ಲಿನ ಸಾಲುಗಳ ನಡುವೆ ಅಡ್ಡಾಡಿದರೇ ನನಗೆ ಉಂಡ ಅನ್ನ ಅರಗುತ್ತದೆ. ಮನೆಯಲ್ಲಿ ಕೂತು ಬೇಳೆ ಹಸನು ಮಾಡುವ ಸೊಸೆ ನಾನು ಯಾವತ್ತೂ ಆಗಿರಲಿಲ್ಲ. ಅದು ಅತ್ತೆಗೂ ಗೊತ್ತಿತ್ತು.

ನೋವು ಸುರುವಾದದ್ದು ತೊಡೆಯ ಸಂದಿಯಲ್ಲಿ. ಅಲ್ಲಿಂದ ಮೊಣಕಾಲಿಗೆ ಇಳಿಯುತ್ತಿತ್ತು. ಮೊಣಕಾಲು ನೋಯುತ್ತದೆ ಎಂದ ಕೂಡಲೇ ಊರಿಗೆ ಊರೇ ವೈದ್ಯನಾಯಿತು. ಕುರಕುಂಟಾದ ನನ್ನ ತವರಿನಲ್ಲಿ ಉಸುಕು ಕಾಯಿಸಿ ಗಂಟು ಕಟ್ಟಿ ಒತ್ತಿದರು. ಸೇಡಮ್ಮಿನ ಚಿಕ್ಕಮ್ಮ ಔಡಲ ಎಲೆ ಬಿಸಿ ಮಾಡಿ ಸುತ್ತಿದಳು. ಚಿಂಚೋಳಿ ಕಡೆಯ ಒಬ್ಬ ನಾಟಿ ವೈದ್ಯ ಕಾಲು ಹಿಡಿದು ಎಳೆದ ರಭಸಕ್ಕೆ ನನ್ನ ಬಾಯಿಂದ ಬಂದ ಬೈಗುಳ ಕೇಳಿ ಅವನೇ ಎದ್ದು ಹೋದ. ಅವರಿವರು ತಿಕ್ಕಿದ ಎಣ್ಣೆ ಕುಡಿದು ಕುಡಿದು ನನ್ನ ಮೊಣಕಾಲು ಪಾಲಿಶ್ ಮಾಡಿದ ಫರಸಿಯ ಹಾಗೆ ಹೊಳೆಯುತ್ತಿತ್ತು. ರೋಗ ಮಾತ್ರ ಮೇಲೆ, ಸೊಂಟದ ಕೀಲಿನಲ್ಲಿ, ಆರಾಮಾಗಿ ಕೂತು ತನ್ನ ಕೆಲಸ ತಾನು ಮಾಡುತ್ತಿತ್ತು.

ಬರಬರುತ್ತ ಬಲಗಾಲಿನ ಉಗುರು ಕತ್ತರಿಸಲು ಕೈ ಎಟುಕದಾಯಿತು. ಬಸ್ಸಿನ ಮೆಟ್ಟಿಲು ಹತ್ತುವಾಗ ಕಾಲನ್ನು ಎರಡೂ ಕೈಯಿಂದ ಎತ್ತಿ ಮೇಲಿಡಬೇಕಾಯಿತು. ಶೆಡ್ಡಿನಲ್ಲಿ ನಾನು ಈ ತುದಿಯಿಂದ ಆ ತುದಿಗೆ ಹೋಗುವುದರೊಳಗೆ ಲಾರಿಯವನು ಕೆಟ್ಟ ಕಲ್ಲು ಇಳಿಸಿ ಹೋಗಿರುತ್ತಿದ್ದ. ಅದು ನನಗೆ ನೋವಿಗಿಂತ ಹೆಚ್ಚು ಚುಚ್ಚಿತು. ಒಂದು ದಿನ ಗಂಡನಿಗೆ ಹೇಳಿದೆ, "ಕಲಬುರಗಿಗಿ ಕರಕೊಂಡು ಹೋಗ್ತೀರೋ, ಇಲ್ಲ ನಾನಾ ಗಾಡಿ ಹತ್ಲೋ?"

ಕಲಬುರಗಿಯ ಆಸ್ಪತ್ರೆಯ ಎಲುಬಿನ ಡಾಕ್ಟರು ಮೊಣಕಾಲನ್ನು ಮುಟ್ಟಿಯೂ ನೋಡಲಿಲ್ಲ. ಮಲಗಿಸಿ, ಕಾಲನ್ನು ಒಳಕ್ಕೆ ಹೊರಕ್ಕೆ ತಿರುಗಿಸಿದರು. ನಾನು ಚೀರಿದೆ. "ಇಲ್ಲೇ ಅದ ನೋಡ್ರಿ," ಎಂದು ಎಕ್ಸ್‌ರೇಗೆ ಬರೆದರು. ಎಕ್ಸ್‌ರೇ ಬೆಳಕಿಗೆ ಹಿಡಿದು ಎರಡೂ ಕಡೆಯ ಕೀಲು ತೋರಿಸಿದರು. ಎಡಗಡೆ ತೊಡೆಯ ಎಲುಬಿನ ತುದಿಯಲ್ಲಿ ದುಂಡನೆಯ ಗುಂಡು, ಅದು ಕೂರುವ ಬಟ್ಟಲು, ನಡುವೆ ಸ್ವಚ್ಛ ಸಂದು. ಬಲಗಡೆ ಗುಂಡು ಚಪ್ಪಟೆಯಾಗಿ, ಸವೆದು, ಬಟ್ಟಲಿಗೆ ಅಂಟಿಕೊಂಡಿತ್ತು. ಗುಂಡಿಗೆ ರಕ್ತ ಹರಿಯುವುದು ನಿಂತು ಎಲುಬು ಒಳಗೇ ಸತ್ತಿದೆ, ಸತ್ತ ಎಲುಬು ಮೈಭಾರ ತಾಳದೆ ಕುಸಿದಿದೆ ಎಂದರು. ಹಿಂದೆ ಯಾವ ಗುಳಿಗೆ ತಗೊಂಡಿದ್ದಿರಿ ಎಂದು ಕೇಳಿದರು. ಕಲ್ಲಿನ ಧೂಳಿಗೆ ದಮ್ಮು ಹತ್ತಿ ವರ್ಷಗಟ್ಟಲೆ ನುಂಗಿದ ಸಣ್ಣ ಬಿಳಿ ಗುಳಿಗೆಯ ವಿಷಯ ಹೇಳಿದೆ. ಅದೂ ಕಾರಣ ಇರಬಹುದು, ಖಚಿತವಾಗಿ ಹೇಳಲಾಗದು ಎಂದರು.

"ಮಾಲೀಸಿಗಿ ಹೋಗಂಗಿಲ್ಲೇನ್ರಿ?" ಎಂದು ಗಂಡ ಕೇಳಿದರು.

"ಸತ್ತ ಎಲುಬಿಗಿ ಎಣ್ಣಿ ಹಚ್ಚಿದ್ರ ಏನಾಗ್ತದ್ರಿ?" ಎಂದರು ಡಾಕ್ಟರು.

ಹೊಸ ಕೀಲೇ ಹಾಕಬೇಕು ಎಂದು ಹೇಳಿ ಅಂದು ಮನೆಗೆ ಕಳಿಸಿದರು. ಎರಡನೇ ಸಲ ಹೋದಾಗ ಮಾಡುವುದು ಇಷ್ಟೇ ಎಂದು ತಿಳಿಸಿ ಹೇಳಿದರು. ಕೆಟ್ಟ ಗುಂಡನ್ನು ಕತ್ತರಿಸಿ ತೆಗೆಯುವುದು, ಬಟ್ಟಲನ್ನು ಕೆರೆದು ಹಸನು ಮಾಡಿ ಅದರೊಳಗೆ ಹೊಸ ಬಟ್ಟಲು ಕೂರಿಸುವುದು, ತೊಡೆಯ ಎಲುಬಿನ ಪೊಳ್ಳಿನೊಳಗೆ ಲೋಹದ ಕಾಂಡ ಇಳಿಸಿ ಅದರ ತಲೆಗೆ ಹೊಸ ಗುಂಡು ಹಾಕುವುದು. ಕೇಳುತ್ತ ಕೇಳುತ್ತ ನನಗೆ ಧೈರ್ಯ ಬಂತು. ಅಳತೆ, ಕತ್ತರಿಸುವುದು, ಕೂರಿಸುವುದು, ಎಲ್ಲ ನನಗೆ ತಿಳಿಯುವ ಭಾಷೆ. ಆಮೇಲೆ ಅತ್ತೆಯ ಮಾತು ನೆನಪಾಗಿ, ಇರಲಿ ಎಂದು ಕೇಳಿಯೇಬಿಟ್ಟೆ.

"ಡಾಕ್ಟ್ರೇ, ಸತ್ತ ಮ್ಯಾಲ ಈ ಕಾಲು ಮಡಚತದೇನ್ರಿ?"

ಅವರು ಪೆನ್ನು ಕೆಳಗಿಟ್ಟರು. ಗಂಡ ನಾಚಿಕೆಯಿಂದ ಗೋಡೆ ನೋಡಿದರು. ಡಾಕ್ಟರೂ ನಮ್ಮ ಕಡೆಯವರೇ ಇರಬೇಕು, ನಾನು ಕೇಳಿದ್ದರ ಅರ್ಥ ಅವರಿಗೆ ಕೂಡಲೇ ತಿಳಿಯಿತು. "ಬದುಕಿರೂಮಟ ನೀವು ಮಡಚಬ್ಯಾಡ್ರಿ. ಕೆಳಗ ಕುಂತ್ರ, ಕಾಲ ಮ್ಯಾಲ ಕಾಲು ಹಾಕಿದ್ರ ಗುಂಡು ಬಟ್ಟಲ ಬಿಟ್ಟು ಹೊರಗ ಜಿಗೀತದ. ಸತ್ತ ಮ್ಯಾಲ ಯಾರರ ಹ್ಯಾಂಗರ ಮಡಚಲಿ, ನಿಮಗೇನೂ ಆಗಲ್ದು," ಎಂದರು. ಸಾಕು, ಇಷ್ಟೇ ಬೇಕಾಗಿತ್ತು ಎಂದು ನಾನು ಅಲ್ಲೇ ಹ್ಞೂಂ ಅಂದೆ.

ಮನೆಗೆ ಬಂದು ಅತ್ತೆಗೆ ಈ ಉತ್ತರ ಹೇಳಿದೆ. ಅವರ ಮುಖ ಸಡಿಲಾಗಲಿಲ್ಲ. "ಡಾಕ್ಟ್ರು ಕುಣಿಗಿ ಬರ್ತಾರೇನು?" ಎಂದರು. ನಾನು ಆಸ್ಪತ್ರೆಗೆ ಹೊರಟ ದಿನ ಹಣೆಗೆ ವಿಭೂತಿ ಹಚ್ಚಿ ಒಳಗೆ ಹೋದರು.

ಆಪರೇಷನ್ನಿಗೆ ಬೆನ್ನಿಗೆ ಸೂಜಿ ಕೊಟ್ಟರು. ಸೊಂಟದ ಕೆಳಗೆ ನಾನು ಇಲ್ಲವೇ ಇಲ್ಲ ಅನ್ನಿಸಿತು. ಅರ್ಧ ನಿದ್ದೆ, ಅರ್ಧ ಎಚ್ಚರ. ನನ್ನ ಎದೆಯ ಮುಂದೆ ಹಸಿರು ಪರದೆ, ಅದರಾಚೆ ಗರಗಸದ ಸದ್ದು, ಆಮೇಲೆ ಸುತ್ತಿಗೆಯ ಪೆಟ್ಟು. ಟಣ್, ಟಣ್. ನೋವಿಲ್ಲ, ಆದರೆ ಮೈಯೆಲ್ಲ ಅಲುಗುತ್ತಿತ್ತು. ನಾನು ಶೆಡ್ಡಿನಲ್ಲಿದ್ದೇನೆ ಎಂದುಕೊಂಡೆನೋ ಏನೋ, "ಏ, ಹಗೂರ ಹೊಡಿರಿ, ಅಂಚು ಒಡದೀತು!" ಎಂದು ಕೂಗಿದೆನಂತೆ. ಪರದೆಯ ಆಚೆ ಎಲ್ಲರೂ ನಕ್ಕದ್ದು ಮಾತ್ರ ನನಗೆ ನೆನಪಿದೆ.

ಮರುದಿನವೇ ಎಬ್ಬಿಸಿ ನಿಲ್ಲಿಸಿದರು. ವ್ಯಾಯಾಮ ಮಾಡಿಸಲು ಬಂದವಳು ವಾಡಿಯ ಹುಡುಗಿ. ನನಗೆ ಮಗಳಾಗುವ ವಯಸ್ಸು, ದನಿ ಮಾತ್ರ ಫೌಜುದಾರನದು. ಪಾದ ಮೇಲೆ ಕೆಳಗೆ ಆಡಿಸು, ತೊಡೆ ಬಿಗಿ ಹಿಡಿ, ಹಿಮ್ಮಡಿ ಜಾರಿಸು. ವಾಕರ್ ಮುಂದಿಡು, ಕೆಟ್ಟ ಕಾಲು ಇಡು, ಆಮೇಲೆ ಒಳ್ಳೇದು. ಮಲಗಿದಾಗ ಎರಡೂ ತೊಡೆಯ ನಡುವೆ ದಿಂಬು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಕೆಳಗೆ ಬಿದ್ದದ್ದನ್ನು ಬಗ್ಗಿ ಎತ್ತಬಾರದು, ತಗ್ಗಿನ ಮಣೆಯ ಮೇಲೆ ಕೂರಬಾರದು, ಕುಕ್ಕರಗಾಲಂತೂ ಕೂರಲೇಬಾರದು, ಪಾದ ಒಳಕ್ಕೆ ತಿರುಗಿಸಬಾರದು.

"ಮತ್ತ ನಾವು ಮಾಡೂದೇನವಾ? ನಮ್ ಮನ್ಯಾಗ ಉಣ್ಣೂದು, ಪೂಜಿ ಮಾಡೂದು, ರೊಟ್ಟಿ ಬಡಿಯೂದು, ಸುದ್ದಿ ಹೇಳೂದು ಎಲ್ಲಾ ನೆಲದ ಮ್ಯಾಲೇ."

"ನೆಲ ಬಿಡ್ರಿ ಆಂಟಿ. ಕಾಲು ಬೇಕೋ ನೆಲ ಬೇಕೋ?"

ಕಾಲೇ ಬೇಕು ಎಂದೆ. ಹೇಳುವುದು ಸುಲಭ. ಫರಸಿ ಮಾರುವವರ ಮನೆಯಲ್ಲಿ ನೆಲ ಬಿಟ್ಟು ಬದುಕಬೇಕೆಂದರೆ ಹುಡುಗಾಟವೇ? ಮನೆಗೆ ಬಂದವಳೇ ಸಂಡಾಸಿಗೆ ಎತ್ತರದ ಕುರ್ಚಿ ಕಮೋಡು ಹಾಕಿಸಿದೆ. ಅಡುಗೆಮನೆಯಲ್ಲಿ ನಮ್ಮ ಶೆಡ್ಡಿನದೇ ಎರಡು ಕಲ್ಲು ತರಿಸಿ ಕಟ್ಟೆ ಏರಿಸಿ, ನಿಂತುಕೊಂಡೇ ಜೋಳದ ರೊಟ್ಟಿ ಬಡಿದೆ. "ನಿಂತು ಬಡಿದ ರೊಟ್ಟಿ ರೊಟ್ಟೀನೇ ಅಲ್ಲ," ಎಂದರು ಅತ್ತೆ. ಅಂದು ಇನ್ನೊಂದು ಹಾಕಿಸಿಕೊಂಡು ಉಂಡರು. ಪೂಜೆಗೆ ಕುರ್ಚಿಯ ಮೇಲೆ ಕೂತೆ. ಅದಕ್ಕೂ ತಕರಾರು.

"ಲಿಂಗಪೂಜಿಗಿ ಕುರ್ಚಿ ಎಲ್ಲಿ ಕಂಡೀವೇ ನಾವು?"

"ಲಿಂಗ ನನ್ನ ಅಂಗೈ ಮ್ಯಾಲ ಅದ ಅತ್ತಿ, ಕುರ್ಚಿ ಮ್ಯಾಲ ಇಲ್ಲ."

ಸುಳ್ಳೇಕೆ ಹೇಳಲಿ, ಕಷ್ಟವಾಯಿತು. ಮಧ್ಯಾಹ್ನ ಎಲ್ಲರೂ ಪಡಸಾಲೆಯಲ್ಲಿ ದುಂಡಗೆ ಕೂತು ಉಣ್ಣುವಾಗ ನಾನೊಬ್ಬಳು ಮೇಲೆ ಕೂತು ಅವರ ನೆತ್ತಿ ನೋಡುತ್ತ ತುತ್ತು ನುಂಗಬೇಕು. ಹೊರಗಿನವಳಾಗಿಬಿಟ್ಟೆ ಅನ್ನಿಸಿ ಕಣ್ಣು ತುಂಬಿ ಬಂದದ್ದುಂಟು. ಆದರೆ ದಿನ ಕಳೆದಂತೆ ವಾಕರ್ ಹೋಗಿ ಕೋಲು ಬಂತು, ಕೋಲು ಮೂಲೆ ಸೇರಿತು. ಶೆಡ್ಡಿಗೆ ಹೋಗಿ ಕಲ್ಲಿನ ಸಾಲುಗಳ ನಡುವೆ ಈ ತುದಿಯಿಂದ ಆ ತುದಿಗೆ ನಡೆದೆ. ತೊಡೆಯ ಸಂದಿಯಲ್ಲಿ ನೋವಿಲ್ಲ! ಲಾರಿಯವನು ನನ್ನನ್ನು ಕಂಡು, "ಬಂದ್ರೇನ್ರೀ ಅಕ್ಕಾರ..." ಎಂದು ರಾಗ ಎಳೆದು, ಇಳಿಸುತ್ತಿದ್ದ ಕಲ್ಲನ್ನು ವಾಪಸ್ ಲಾರಿಗೆ ಏರಿಸತೊಡಗಿದ. ಅವತ್ತು ನನಗಾದ ಖುಷಿಯನ್ನು ಎಕ್ಸ್‌ರೇ ತೆಗೆದು ತೋರಿಸಲಾಗುವುದಿಲ್ಲ.

ಶ್ರಾವಣದಲ್ಲಿ ನಮ್ಮ ಮನೆಯಲ್ಲಿ ಸ್ವಾಮಿಗಳ ಪಾದಪೂಜೆ ಇರುತ್ತದೆ. ಆ ವರ್ಷವೂ ಇತ್ತು. ದಂಡೋತಿಯಿಂದ ನನ್ನ ಭಾವ, ಅಂದರೆ ಗಂಡನ ಅಣ್ಣ, ಬಂದಿದ್ದರು. ಊರಲ್ಲಿ ಹೊಲ ನೋಡಿಕೊಂಡಿರುವ ದೊಡ್ಡ ಮಗ ಅವರು. ಚಿತ್ತಾಪುರದ ಬೀಗರು, ಓಣಿಯವರು, ಪಡಸಾಲೆ ತುಂಬಾ ಮಂದಿ. ಸ್ವಾಮಿಗಳು ಗದ್ದುಗೆಯ ಮೇಲೆ, ಉಳಿದವರೆಲ್ಲ ಜಮಖಾನೆಯ ಮೇಲೆ. ನಾನು ಹಿಂದೆ ಗೋಡೆಯ ಹತ್ತಿರ ನನ್ನ ಕುರ್ಚಿಯ ಮೇಲೆ. ಹೆಂಗಸರು ತಿರುಗಿ ತಿರುಗಿ ನೋಡಿದರು. ನೋಡಲಿ ಎಂದು ನಾನೂ ಸೆಟೆದು ಕೂತೆ.

ಭಾವ ಎದ್ದು ಬಂದರು. "ಸ್ವಾಮಿಗಳ ಸರೀಕ ಕುಂತೀಯಲ್ಲ, ಛಲೋ ಕಾಣ್ತದೇನು? ಐದು ಮಿನಿಟ್ ಕೆಳಗ ಕುಂದ್ರು."

"ಭಾವಾ, ಆಗಂಗಿಲ್ರಿ. ಕುಂತ್ರ ಕೀಲು ತಪ್ಪತದ."

"ಏನೂ ಆಗಲ್ದು. ನಾ ಹಿಡೀತೀನಿ." ಹಾಗೆಂದು ಕುರ್ಚಿಯ ಬೆನ್ನು ಹಿಡಿದು ಅಲುಗಾಡಿಸಿದರು. ಒಂದು ಕೈ ನನ್ನ ಹೆಗಲ ಮೇಲೆ ಬಿತ್ತು.

"ಕೈ ತೆಗಿರಿ," ಎಂದೆ. "ನಡಿಲಿಕ್ಕ ಅಂತ ಎಲುಬು ಕೊಯ್ಸಿಕೊಂಡೀನಿ. ನಿಮ್ಮ ಮರ್ಯಾದಿಗಿ ಅಂತ ಮುರಕೊಳ್ಳಂಗಿಲ್ಲ. ಸ್ವಾಮಿಗಳು ಬೇಕಾದ್ರ ನನ್ನ ಹೊರಗ ಕಳಸಲಿ, ನಾ ನಡಕೊಂಡೇ ಹೋಗ್ತೀನಿ."

ಸ್ವಾಮಿಗಳು ಏನೋ ಹೇಳಲು ಬಾಯಿ ತೆರೆದರು. ಅದಕ್ಕೂ ಮೊದಲು ಇನ್ನೊಂದು ದನಿ ಬಂತು. ಅತ್ತೆಯದು. ಮುಂದಿನ ಸಾಲಿನಲ್ಲಿ ಆರತಿ ತಟ್ಟೆ ಹಿಡಿದು ಕೂತಿದ್ದವರು ಎದ್ದು ನಿಂತಿದ್ದರು.

"ಏ, ಬಿಡು ಆಕಿನ್ನ! ಆಕಿ ಕಾಲಿಗಿ ಕೈ ಹಚ್ಚಬ್ಯಾಡ! ನಿಮ್ಮಪ್ಪನ ಕಾಲು ಮುರದದ್ದು ಸಾಲ್ದೇನು?"

ಭಾವನ ಕೈ ನನ್ನ ಹೆಗಲಿಂದ ತಾನಾಗಿಯೇ ಜಾರಿತು. ಅವರು ಯಾರ ಮುಖವನ್ನೂ ನೋಡದೆ ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಸ್ವಾಮಿಗಳು ಮೆಲ್ಲಗೆ, "ತಾಯಿ, ನೀವು ಅಲ್ಲೇ ಕುಂದ್ರಿ," ಎಂದು ನನಗೆ ಹೇಳಿ ಪೂಜೆ ಮುಂದುವರಿಸಿದರು.

ಅತ್ತೆ ನನಗೆ ಎಲ್ಲವನ್ನೂ ಹೇಳಿದ್ದು ಮರುದಿನ ಮುಂಜಾನೆ, ಅಡುಗೆಮನೆಯಲ್ಲಿ. ನಾನು ಕಟ್ಟೆಯ ಮುಂದೆ ನಿಂತು ಹಿಟ್ಟು ನಾದುತ್ತಿದ್ದೆ. ಅವರು ಕೆಳಗೆ ಮಣೆಯ ಮೇಲೆ ಕೂತು, ನನ್ನ ಮುಖ ನೋಡದೆ, ಮೆಂತೆ ಸೊಪ್ಪು ಬಿಡಿಸುತ್ತ ಹೇಳಿದರು. ಮಾವ ತೀರಿಕೊಂಡದ್ದು ನಾನು ಈ ಮನೆಗೆ ಬರುವ ಮೊದಲು, ದೂರದೂರಿನ ಆಸ್ಪತ್ರೆಯಲ್ಲಿ. ದಂಡೋತಿಗೆ ಹೆಣ ತರುವುದರೊಳಗೆ ಮೈ ಕಟ್ಟಿಗೆಯಾಗಿತ್ತು. ಕಾಲು ನೇರ ಚಾಚಿಕೊಂಡಿದ್ದವು, ಮಡಚಲೊಲ್ಲವು. ಕುಣಿ ತೋಡಿ ಆಗಿತ್ತು, ಮಂದಿ ಕಾಯುತ್ತಿದ್ದರು, ಹೊತ್ತು ಇಳಿಯುತ್ತಿತ್ತು. ಹಿರಿಯರು ದೊಡ್ಡ ಮಗನಿಗೆ ಹೇಳಿದರು. ಇನ್ನೂ ಮೀಸೆ ಚಿಗುರುತ್ತಿದ್ದ ಹುಡುಗ, ಅಪ್ಪನ ಮೊಣಕಾಲ ಮೇಲೆ ತನ್ನ ಭಾರವೆಲ್ಲ ಹಾಕಿ ಒತ್ತಿದ. ಅತ್ತೆ ಬಾಗಿಲ ಹಿಂದೆ ನಿಂತಿದ್ದರು.

"ಸಪ್ಪಳ ಕೇಳ್ತು," ಎಂದರು. "ಒಣ ಕಟಗಿ ಮುರದಂಗ. ಸತ್ತವರಿಗಿ ನೋವಿಲ್ಲಂತಾರ. ಯಾಂವ ಸತ್ತು ಬಂದು ಹೇಳ್ಯಾನ? ಹೂವಿನಂಥಾ ಮನಷ್ಯಾ ಇದ್ದ. ನಿನಗೂ ಹಂಗಾ ಮಾಡ್ತಾರಂತ ಅಂಜಿದೆ ನೋಡು. ಅದಕ್ಕಾ ಕಬ್ಬಿಣ ಬ್ಯಾಡ ಅಂದೆ."

ಇಷ್ಟು ದಿನ ಈ ಮುದುಕಿ ಶಾಸ್ತ್ರಕ್ಕಾಗಿ ನನ್ನ ಕಾಲು ಕೇಳುತ್ತಿದ್ದಾಳೆ ಎಂದು ಹಲ್ಲು ಕಡಿದಿದ್ದೆ. ಅವರು ಆ ಸದ್ದಿನಿಂದ ನನ್ನನ್ನು ಉಳಿಸಲು ನೋಡುತ್ತಿದ್ದರು. ಆದರೂ ನನ್ನ ಸ್ವಭಾವ ಎಲ್ಲಿಗೆ ಹೋಗುತ್ತದೆ? "ಅತ್ತಿ, ನನ್ನ ಕಾಲು ಮಡಚಲಿಲ್ಲಂದ್ರ ಕುರ್ಚಿ ಸುದ್ದಾ ಕುಣ್ಯಾಗ ಇಳಸ್ರಿ ಅಂತ ಎಲ್ಲಾರಿಗಿ ಹೇಳಿಟ್ಟು ಸಾಯ್ತೀನಿ. ಕುಣಿ ಒಂದೀಟು ದೊಡ್ಡದು ತೋಡ್ಲಿ, ಮೈಗಳ್ಳರು," ಎಂದೆ.

ಅತ್ತೆ ನಕ್ಕರು. ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡರು. ಆಮೇಲೆ ಸೊಪ್ಪು ಬದಿಗಿಟ್ಟು ಹೇಳಿದರು, "ನನಗ ಮಾತ್ರ ನೀನಾ ಕುಂದ್ರಿಸು. ಯಾರ ಹಾದೀನೂ ಕಾಯಬ್ಯಾಡ. ಮೈ ಬಿಸಿ ಇದ್ದಾಗಾ ಮಡಚಿಬಿಡು."

"ಹೆಂಗಸರು ಮುಟ್ಟಬಾರದಂತಾರಲ್ಲ ಅತ್ತಿ?"

"ಕುರ್ಚಿ ಮ್ಯಾಲ ಕುಂತು ಸ್ವಾಮಿಗಳ ಮುಂದ ಜಗಳಾಡಿದಾಕಿ, ನೀ ಇದಕ್ಕ ಅಂಜ್ತೀಯೇನು?"

ಮಾತು ಕೊಟ್ಟೆ.

ಅತ್ತೆ ಹೋದದ್ದು ಮುಂದಿನ ಬೇಸಿಗೆಯಲ್ಲಿ, ಮಟಮಟ ಮಧ್ಯಾಹ್ನ. ಜ್ವರ ಬಂದು ಮಲಗಿದ್ದವರು ನೀರು ಕೇಳಿದರು, ಕುಡಿದರು, ಹೋದರು. ಗಂಡ ಅವ್ವನ ಪಾದ ಹಿಡಿದು ಕೂತುಬಿಟ್ಟರು. ಭಾವನಿಗೆ ಫೋನು ಹೋಯಿತು. ಓಣಿಯ ಹಿರಿಯರು ಬಂದು ಪಡಸಾಲೆಯಲ್ಲಿ ನಿಂತರು. ದೊಡ್ಡ ಮಗ ದಂಡೋತಿಯಿಂದ ಬರಲಿ, ಅವನು ಬಂದು ಕೈ ಹಚ್ಚಿದ ಮೇಲೆ ಕೂರಿಸೋಣ ಎಂದರು.

"ಅವರು ಬರೂತನಕ ಮೈ ಕಾಯ್ತದೇನ್ರಿ?" ಎಂದೆ.

"ತಂಗೀ, ಹೆಂಗಸರು ಇದ್ರಾಗ ಬರಬಾರ್ದು."

"ಆಕಿ ನನಗ ಹೇಳಿ ಹೋಗ್ಯಾಳ. ಸರೀರಿ ಹಿಂದ."

ಅವರು ಸರಿಯಲಿಲ್ಲ. ನಾನು ನಡುವಿನಿಂದಲೇ ನಡೆದು ಒಳಗೆ ಹೋದೆ. ಗಂಡ ತಲೆಯೆತ್ತಿ ನೋಡಿದರು. ಜೀವಮಾನದಲ್ಲಿ ಮೊದಲ ಸಲ ಚಹಾಕ್ಕೆ ಹೋಗದೆ, ಎದ್ದು ಬಾಗಿಲಿಗೆ ಅಡ್ಡ ನಿಂತರು. ಅತ್ತೆ ಮಲಗಿದ್ದು ಎತ್ತರದ ಮಂಚ, ನಾನು ಬಗ್ಗಬೇಕಾಗಲಿಲ್ಲ. ಎಡಗಾಲಿನ ಮೊಣಕಾಲ ಕೆಳಗೆ ಕೈ ಹಾಕಿದೆ. ಬಿಸಿ ಇತ್ತು. ವಾಡಿಯ ಹುಡುಗಿ ನನ್ನ ಕಾಲನ್ನು ಹಿಡಿಯುತ್ತಿದ್ದ ಹಾಗೆ, ಒಂದು ಕೈ ಮೊಣಕಾಲಿಗೆ ಒಂದು ಕೈ ಹಿಮ್ಮಡಿಗೆ ಕೊಟ್ಟು, ಸಾವಕಾಶ ಜಾರಿಸಿದೆ. ಆ ಕಾಲು ಮಡಚಿತು. ಇನ್ನೊಂದೂ ಮಡಚಿತು. ಆಮೇಲೆ ಗಂಡ ಬಾಗಿಲು ಬಿಟ್ಟು ಬಂದು ಅವ್ವನ ಬೆನ್ನಿಗೆ ಕೈ ಕೊಟ್ಟರು, ಇಬ್ಬರೂ ಸೇರಿ ಎಬ್ಬಿಸಿ ಮಂಚದ ಮೇಲೆಯೇ ಗೋಡೆಗೆ ಒರಗಿಸಿ ಕೂರಿಸಿದೆವು. ಹಣೆಗೆ ವಿಭೂತಿ ಹಚ್ಚಿ, ಸೆರಗು ಸರಿ ಮಾಡಿದೆ.

ಭಾವ ಬಂದಾಗ ಬಿಸಿಲು ಇಳಿದಿತ್ತು. ಹಿರಿಯರು ಅವರನ್ನು ಅಂಗಳದಲ್ಲೇ ಹಿಡಿದು ನನ್ನ ಮೇಲೆ ದೂರು ಹೇಳಿದರು. ಭಾವ ಅವರನ್ನು ದಾಟಿ ಒಳಗೆ ಬಂದರು. ಪೂಜೆಗೆ ಕೂತಂತೆ ಕೂತಿದ್ದ ಅವ್ವನನ್ನು ನೋಡಿದರು. ಜಗಳಕ್ಕೆ ಬಂದರೆ ಬರಲಿ ಎಂದು ನಾನು ಸಿದ್ಧಳಾಗಿಯೇ ನಿಂತಿದ್ದೆ.

"ನೀನಾ ಕುಂದ್ರಿಸಿದ್ಯಂತ?"

"ಹೌದ್ರಿ. ನಾನಾ."

ಅವರು ಹತ್ತಿರ ಬಂದರು. ಬೇರೆ ಯಾರಿಗೂ ಕೇಳಿಸದ ಹಾಗೆ, ಮೀಸೆ ನರೆತ ಆ ಮನುಷ್ಯ ನನ್ನನ್ನು ಕೇಳಿದರು, "ಏನರ... ಸಪ್ಪಳ ಆತೇನು?"

"ಇಲ್ರಿ ಭಾವಾ. ಏನೂ ಸಪ್ಪಳ ಆಗ್ಲಿಲ್ಲ."

ಭಾವ ಅಲ್ಲೇ ನೆಲದ ಮೇಲೆ ಕುಸಿದು ಕೂತು ಅತ್ತರು. ನಾನು ಅವರ ಪಕ್ಕದಲ್ಲಿ ನಿಂತೇ ಇದ್ದೆ.